ಒಂಬೈನೂರರ ಲೈನು

ಗುರುಲಿಂಗಪ್ಪ ಕಾಕಾ ಮತ್ತೆ ತಮ್ಮ ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಸ್ಪೀಡ್ ಟೆಸ್ಟಿನ ಮುಳ್ಳು ಒಂಬೈನೂರರ ಮೇಲೆ ನಿಂತಿತ್ತು.

"ಇದಕ್ಕಿಂತ ಹೆಚ್ಚಿಗಿ ಏನ ಬೇಕವಾ ನಿಮಗ? ಗೋಕಾಕದಾಗ ಸೈತ ಯಾರ ಕಡೆನೂ ಇಷ್ಟ ಸ್ಪೀಡ್ ಇಲ್ಲ."

"ಕಾಕಾ, ಮಾತು ಕಡ್ಕೊಂಡ ಕಡ್ಕೊಂಡ ಬರಾಕತ್ತೈತ್ರಿ."

"ನಿಮ್ಮ ಹೆಡ್‌ಫೋನ್ ಕೆಟ್ಟಿರಬೇಕ ನೋಡು."

ಹೆಡ್‌ಫೋನ್ ಬದಲಿಸಿ ಆಗಿತ್ತು. ಕಂಪ್ಯೂಟರ್ ಬದಲಿಸಿ ಆಗಿತ್ತು. ಇನ್ನು ಬದಲಿಸಲು ಉಳಿದದ್ದು ನಮ್ಮ ಕಿವಿ ಮಾತ್ರ. 

ಮೂಡಲಗಿ ಬಜಾರಿನಲ್ಲಿ ಕಾಕಾರ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಕೆಲಸ. ಹನಿ ನೀರಾವರಿಯ ಪೈಪು ಮಾರುವ ಬೆಂಗಳೂರಿನ ಕಂಪನಿಯೊಂದಕ್ಕೆ ರೈತರು ಮಾಡುವ ಫೋನುಗಳನ್ನು ನಾವು ಹೆಣ್ಣುಮಕ್ಕಳು ಇಲ್ಲಿ ಕೂತು ಎತ್ತುತ್ತೇವೆ. ನನ್ನ ಹೆಸರು ದಾಕ್ಷಾಯಿಣಿ, ಈ ಹುಡುಗಿಯರ ಮೇಲ್ವಿಚಾರಕಿ. ಬಜಾರಿಗೆ ಇಂಟರ್‌ನೆಟ್ ಕೊಡುವವರು ಕಾಕಾ, ನಮ್ಮ ಫೋನು ಬರುವುದೂ ಅದರ ಮೇಲೆಯೇ. ಆ ಕಡೆಯವರು ಯಾರೇ ಬೇಸತ್ತು ಅರ್ಧಕ್ಕೆ ಫೋನ್ ಇಟ್ಟರೂ, ಆ ಫೋನಿಗೆ ಕೂತವಳ ಹೆಸರಿನ ಮುಂದೆ ಕಂಪ್ಯೂಟರಿನಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ನಮ್ಮ ಹುಡುಗಿಯರಲ್ಲೊಬ್ಬಳಾದ ಜೀನತಳ ಹೆಸರಿನ ಮುಂದೆ ಚುಕ್ಕೆಗಳ ಸಾಲೇ ಇತ್ತು. ಫಿಲ್ಟರು, ವಾಲ್ವು, ಗೊಬ್ಬರದ ಟಾಕಿ ಎಲ್ಲವನ್ನೂ ಬಿಡಿಸಿ ಹೇಳಬಲ್ಲವಳು ಅವಳೊಬ್ಬಳೇ. ಹಾಗಾಗಿ ತೊಡಕಿನ ಫೋನುಗಳೆಲ್ಲ ಅವಳಿಗೇ ಹೋಗುತ್ತಿದ್ದವು, ಹೆಚ್ಚು ಹೊತ್ತು ನಡೆಯುತ್ತಿದ್ದವು, ಹೆಚ್ಚು ಕಡಿಯುತ್ತಿದ್ದವು. ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ತೆಗೆಯುವುದಾಗಿ ಬೆಂಗಳೂರಿನಿಂದ ತಿಳಿಸಿದ್ದರು.

ದೋಷ ಇದ್ದದ್ದು ಕಾಕಾರ ಸ್ವಿಚ್ಚಿನಲ್ಲಿ. ದೀಪದ ಸ್ವಿಚ್ಚಲ್ಲ, ಅರ್ಧ ಬಜಾರಿನ ವೈರುಗಳು ಬಂದು ಸೇರುವ, ಬಂದ ಪ್ರತಿ ಪ್ಯಾಕೆಟ್ಟಿನ, ಅಂದರೆ ಮಾಹಿತಿಯ ತುಂಡಿನ, ವಿಳಾಸ ನೋಡಿ ಮುಂದಕ್ಕೆ ದಾಟಿಸುವ ಡಬ್ಬಿ. ಪ್ಯಾಕೆಟ್ ದೊಡ್ಡದಿರಲಿ ಸಣ್ಣದಿರಲಿ, ವಿಳಾಸ ನೋಡುವ ಶ್ರಮ ಅಷ್ಟೇ. ಸಿನಿಮಾ ಇಳಿಸಿದರೆ ಬರುವುದು ದೊಡ್ಡ ಪ್ಯಾಕೆಟ್ಟುಗಳು, ಸ್ಪೀಡ್ ಟೆಸ್ಟಿಗೂ ಅವೇ. ನಮ್ಮ ಮಾತು, ಅಂಗಡಿಗಳ ಮೊಬೈಲ್ ಪಾವತಿ, ಹುಡುಗರ ಆಟ ಇವೆಲ್ಲ ಸಣ್ಣವು, ಲೆಕ್ಕವಿಲ್ಲದಷ್ಟು. ಅಷ್ಟೊಂದು ವಿಳಾಸ ನೋಡಲಾಗದೆ ಕಾಕಾರ ಡಬ್ಬಿ ಉಳಿದವನ್ನು ಬಿಸಾಡುತ್ತಿತ್ತು. ಅದಕ್ಕೇ ಸ್ವಿಚ್ಚಿನ ವೇಗವನ್ನು ಸೆಕೆಂಡಿಗೆ ಎಷ್ಟು ಸಣ್ಣ ಪ್ಯಾಕೆಟ್ ದಾಟಿಸುತ್ತದೆ ಎಂದೂ ಅಳೆಯಬೇಕು. ಇಷ್ಟನ್ನು ಓದಿ ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಕಾಕಾರಿಗೆ ತಿಳಿಸಲು ಆಯುಷ್ಯ ಸಾಲದು ಅನ್ನಿಸಿತ್ತು.

ಕೊನೆಗೆ ಎರಡು ಲ್ಯಾಪ್‌ಟಾಪ್ ತಂದು ಅವರ ಸ್ವಿಚ್ಚಿಗೇ ಜೋಡಿಸಿದೆ. ಒಂದು ಕಳಿಸಬೇಕು, ಇನ್ನೊಂದು ಬಂದದ್ದನ್ನು ಎಣಿಸಬೇಕು. ದೊಡ್ಡ ಪ್ಯಾಕೆಟ್ ಬಿಟ್ಟೆ, ಎಲ್ಲವೂ ತಲುಪಿದವು. ಕಾಕಾ ಮೀಸೆ ತಿರುವಿದರು. ಸಣ್ಣವನ್ನು ಬಿಟ್ಟೆ. ಅರ್ಧದಷ್ಟು ದಾರಿಯಲ್ಲೇ ಮಾಯ.

"ಅಷ್ಟ ಸಣ್ಣವ ಯಾರ ಕಳಸ್ತಾರ ಬಿಡವಾ," ಅಂದರು.

ಕಾಕಾರಿಗೆ ಕಲ್ಲೋಳಿ ರಸ್ತೆಯಲ್ಲಿ ಕಬ್ಬು ತೂಗುವ ಕಾಟಾ ಕೂಡ ಇದೆ. ನಾನು ಅದನ್ನೇ ಹಿಡಿದೆ.

"ಕಾಕಾ, ಟ್ರ್ಯಾಕ್ಟರ್ ಬಂದ್ರೂ ತೂಕಾ ಮಾಡಿ ಚೀಟಿ ಕೊಡಬೇಕು, ಎತ್ತಿನ ಗಾಡಿ ಬಂದ್ರೂ ಕೊಡಬೇಕು. ಬರೇ ಎತ್ತಿನ ಗಾಡಿನ ಬಂದ್ರ ದಿನಕ್ಕ ಎಷ್ಟ ಟನ್ ತೂಗ್ತೀರಿ?"

"ಟನ್ ಎಲ್ಲಿ ಆಗತಾವ? ಪಾಳಿ ರಸ್ತಾತನಕ ನಿಂತಬಿಡತೈತಿ." ಹೇಳುತ್ತಲೇ ಅವರ ಹುಬ್ಬು ಮೇಲೇರಿತು. "ಹಾಂ! ತಿಳೀತ ತಿಳೀತ. ನಿಮ್ಮ ಹುಡುಗ್ಯಾರಿಗೆ ಹೇಳು, ತುಸು ಉದ್ದುದ್ದ ಮಾತಾಡ್ರಿ ಅಂತ. ಟ್ರ್ಯಾಕ್ಟರ್ ತುಂಬಿ ಹೋಗ್ಲಿ."

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು. ಅವರನ್ನು ಮಾಳಿಗೆಗೆ ಕರೆದೊಯ್ದು, ಜೀನತಳ ಹೆಡ್‌ಫೋನ್ ತೆಗೆದು ಅವರ ತಲೆಗೆ ಸಿಕ್ಕಿಸಿ, ಅವರ ಮನೆಗೇ ಫೋನ್ ಹಚ್ಚಿಕೊಟ್ಟೆ.

"ಏ ಕಾಶೆವ್ವಾ, ನಾನು... ಹಲೋ... ಕೇಳಾಕತ್ತೈತಿಲ್ಲೊ? ನಾನ ಅದೇನಿ!"

ಆ ಕಡೆಯಿಂದ ಅವರ ಹೆಂಡತಿಯ ದನಿ ತುಂಡುತುಂಡಾಗಿ ಬಂತು. ತುಂಡಾಗಿದ್ದರೂ ಬೈಗುಳ ಎನ್ನುವುದು ಸ್ಪಷ್ಟವಿತ್ತು. ಯಾವನೋ ಪೋಲಿ ಎಂದುಕೊಂಡು ಕಾಶೆವ್ವ ಫೋನ್ ಇಟ್ಟೇಬಿಟ್ಟರು. ಜೀನತಳ ಹೆಸರಿನ ಮುಂದೆ ಇನ್ನೊಂದು ಕೆಂಪು ಚುಕ್ಕೆ ಬಿತ್ತು.

ಕಾಕಾ ಅದನ್ನೇ ನೋಡುತ್ತ ನಿಂತರು. "ಮಾತಾಡಿದಾಂವ ನಾನು. ಈಕಿ ಹೆಸರಿಗೆ ಯಾಕ ಬಿತ್ತು?"

"ದಿನಾ ಹಿಂಗ ಬೀಳತೈತ್ರಿ ಕಾಕಾ," ಅಂದಳು ಜೀನತ. ಅವಳು ಅವರೆದುರು ಬಾಯಿ ಬಿಟ್ಟದ್ದು ಅದೇ ಮೊದಲು.

ಮರುದಿನವೇ ಬೆಳಗಾವಿಯಿಂದ ಒಳ್ಳೆಯ ಸ್ವಿಚ್ ಬಂತು. ಈ ಸಲ ಕಾಕಾ ಮೊಬೈಲ್ ತೆಗೆಯಲಿಲ್ಲ. "ಮೊದಲ ಸಣ್ಣವ ಬಿಡವಾ," ಅಂದರು. ಎಲ್ಲ ತಲುಪಿದವು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಇಷ್ಟಕ್ಕಾಗಿ ತಿಂಗಳಿಡೀ ಗಂಟಲು ಹರಿದುಕೊಂಡಿದ್ದೆನಲ್ಲ! ಆಮೇಲೆ ಯಾರೂ ಹೇಳದೆ ಕಾಕಾ ತಾವೇ ಜೀನತಳ ಬಾಜೂ ಕುರ್ಚಿ ಎಳೆದುಕೊಂಡು ಕೂತು, ಬೆಂಗಳೂರಿನ ಮ್ಯಾನೇಜರಿಗೆ ಫೋನ್ ಹಚ್ಚಿಸಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿಸಿದರು.

"ಸಾಹೇಬ್ರ, ತಪ್ಪ ಈ ಹುಡುಗಿದಲ್ರಿ, ನನ್ನ ಡಬ್ಬಿದು. ನಾ ಅಳತಿನ ತಪ್ಪ ಮಾಡಿದ್ನಿ. ಈಕಿನ್ನ ತೆಗೀಬ್ಯಾಡ್ರಿ."

ಮ್ಯಾನೇಜರು ಪೂರ್ತಿ ಕೇಳಿಸಿಕೊಂಡರು. "ಯಜಮಾನ್ರೇ, ಲೈನ್ ಸರಿಯಿಲ್ಲ ಅಂತ ಅಲ್ಲಿಂದ ದೂರು ಬಂದಾಗಲೆಲ್ಲ ನಾವು ನಿಮ್ಮನ್ನೇ ಕೇಳಿದ್ದೀವಿ. ಪ್ರತಿ ಸಲ ನೀವೇ ಒಂಬೈನೂರು ಅಂತ ಫೋಟೋ ಕಳಿಸಿದ್ದೀರಿ. ಅದನ್ನ ನಂಬಿಯೇ ತೀರ್ಮಾನ ಮಾಡಿದ್ದು. ಆ ಹುಡುಗಿಯ ಜಾಗಕ್ಕೆ ಬೇರೆಯವರನ್ನ ತಗೊಂಡೂ ಆಯ್ತು."

ಹೊಸ ಸ್ವಿಚ್ಚು ಒಂದಕ್ಷರವನ್ನೂ ಕಳೆಯದೆ ದಾಟಿಸಿತ್ತು.

"ಹಲೋ... ಹಲೋ... ಏನೂ ಕೇಳಾಕತ್ತಿಲ್ರಿ," ಅಂದರು ಕಾಕಾ.

ಬಾಜೂ ಕೂತಿದ್ದ ಜೀನತಳಿಗೆ ಎಲ್ಲ ಕೇಳಿಸಿತ್ತು.