ದೊರೊತಿ ನೋಡಿದ ಕ್ವಿಬೆಕ್

ಡೆಲ್ಮಾಳಿಗೆ ಅಕ್ಕನ ಮೇಲೆ ಹದಿನಾಲ್ಕು ವರ್ಷದ ಸಿಟ್ಟಿತ್ತು. ಮಾತು ಬಿಡುವಂಥ ಸಿಟ್ಟಲ್ಲ. ತಿಂಗಳಿಗೆರಡು ಶುಕ್ರವಾರ ಕುವೈತಿನ ಎಗೈಲಾದ ತನ್ನ ಫ್ಲ್ಯಾಟಿಗೆ ಬರುವ ದೊರೊತಿಗೆ ಮೀನುಸಾರು ಬಡಿಸುತ್ತಲೇ ಒಳಗೊಳಗೆ ಕುದಿಯುವಂಥದು. ತಾಯಿಯಿಲ್ಲದ ಮನೆಯಲ್ಲಿ ಅವಳನ್ನು ಸಾಕಿದವಳು ದೊರೊತಿ. ರುಮೈಥಿಯಾದ ಒಬ್ಬ ಕುವೈತಿ ಮೇಡಮ್ಮಿನ ಮನೆಯಲ್ಲಿ ದುಡಿದು ನರ್ಸಿಂಗ್ ಓದಿಸಿದವಳೂ ಅವಳೇ. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ಮೊದಲ ತೆಂಗಿನಹಾಲು ಹಚ್ಚಬೇಕಾಗಿದ್ದವಳೂ ಅವಳೇ. ಆ ಹೊತ್ತಿಗೆ ಅಕ್ಕ ಎಲ್ಲಿದ್ದಳು? ಮೇಡಮ್ ಮನೆಯವರ ಜೊತೆ ಕೆನಡಾದಲ್ಲಿ, ಕ್ವಿಬೆಕ್ ಸಿಟಿ ಎಂಬ ಹಳೆಯ ಫ್ರೆಂಚರ ಊರಿನಲ್ಲಿ. ಟೂರ್ ಹೋಗ್ತೇನೆ ಅಂತ ಒಂದು ಮೆಸೇಜು ಹಾಕಿ ಹೋಗಿದ್ದಳು.

"ಎಂಥ ಊರು ಗೊತ್ತುಂಟಾ ಮಾರಾಯ್ತಿ," ಎಂದು ವಾಪಸು ಬಂದ ದೊರೊತಿ ಶುರುಮಾಡಿದ್ದಳು. ಊರಿನ ಸುತ್ತ ಕಲ್ಲಿನ ಕೋಟೆಗೋಡೆ, ಗುಡ್ಡದ ಮೇಲೆ ಅರಮನೆಯಂಥ ಹೋಟೆಲು, ಕೆಳಗೆ ಹಡಗು ಓಡುವ ನದಿ, ಕುದುರೆಗಾಡಿ, ಎಲ್ಲಿ ನೋಡಿದರೂ ಇಗರ್ಜಿ. ಮುಂದಿನ ಮೂರು ಬೇಸಿಗೆಯೂ ಹೋಗಿ ಬಂದಳು. ಕತೆ ಇನ್ನಷ್ಟು ಉದ್ದವಾಯಿತು. ತಂಗಿಯ ಮದುವೆಗಿಂತ ಕುದುರೆಗಾಡಿ ಹೆಚ್ಚಾಯಿತಲ್ಲ ಎಂದು ಡೆಲ್ಮಾ ಹಲ್ಲು ಕಚ್ಚಿದಳು. ಮದುವೆಯ ಆಲ್ಬಮ್ಮನ್ನು ಅಕ್ಕನೆದುರು ಒಂದು ದಿನವೂ ತೆರೆಯಲಿಲ್ಲ. ಅಕ್ಕನೂ ಕೇಳಲಿಲ್ಲ, ಅದು ಇವಳನ್ನು ಇನ್ನೂ ಉರಿಸಿತು.

"ಎಷ್ಟು ವರ್ಷ ಅಂತ ಮುಖ ಗಂಟು ಹಾಕ್ಕೊಂಡಿರ್ತಿ? ಅಕ್ಕನನ್ನೂ ಕರ್ಕೊಂಡು ನಾವೇ ಆ ಊರು ನೋಡಿ ಬರುವ," ಎಂದು ಈ ವರ್ಷ ಗಂಡ ನೈಜೆಲ್ ಹೇಳಿದ. ಡೆಲ್ಮಾ ಒಪ್ಪಿದಳು. ಸಿಟ್ಟನ್ನು ಸಾಕುವುದೂ ಒಂದು ಚಾಕರಿಯೇ, ಅವಳಿಗೂ ದಣಿವಾಗಿತ್ತು. ಶುಕ್ರವಾರ ಊಟಕ್ಕೆ ಕೂತಾಗ ಸುದ್ದಿ ತೆಗೆದಳು.

"ಜುಲೈಗೆ ಕ್ವಿಬೆಕ್ಕಿಗೆ ಹೋಗುವ ಅಕ್ಕಾ. ನೀನೇ ನಮಗೆ ಊರು ತೋರಿಸ್ಬೇಕು. ನಿನಗೆ ಗಲ್ಲಿ ಗಲ್ಲಿ ಗೊತ್ತುಂಟಲ್ಲ."

ದೊರೊತಿಯ ಕೈ ತಟ್ಟೆಯಲ್ಲೇ ನಿಂತಿತು. "ನಾನು ಬರುದಿಲ್ಲ. ಕಾಲುನೋವು. ಮೇಡಮ್ಮೂ ರಜೆ ಕೊಡುದಿಲ್ಲ."

"ಒಂದು ಹೇಳು. ಕಾಲಾ, ಮೇಡಮ್ಮಾ?"

"ಎರಡೂ. ಬಿಡು ಡೆಲ್ಮಾ, ಖಲಾಸ್."

ಮೇಡಮ್ ಕರೆದರೆ ಇಲ್ಲದ ಕಾಲುನೋವು ತಂಗಿ ಕರೆದರೆ ಬರುತ್ತದೆ ಎಂದು ಡೆಲ್ಮಾಳಿಗೆ ಮೈಯೆಲ್ಲ ಉರಿಯಿತು. ಈ ನೆಪ ಎಲ್ಲಿಯವರೆಗೆ ನಿಲ್ಲುತ್ತದೋ ನೋಡಿಯೇಬಿಡೋಣವೆಂದು ಮಂಗಳವಾರ ಡ್ಯೂಟಿ ಮುಗಿಸಿ ಸೀದಾ ರುಮೈಥಿಯಾಕ್ಕೆ ಹೋದಳು. ದೊರೊತಿ ಮಕ್ಕಳನ್ನು ಶಾಲೆಯಿಂದ ಕರೆತರಲು ಡ್ರೈವರನ ಜೊತೆ ಹೋಗಿದ್ದಳು. ಮೇಡಮ್ ಚಹಾ ತರಿಸಿದರು. ರಜೆಯ ಮಾತು ಕೇಳಿ ಇಂಗ್ಲಿಷಿನಲ್ಲಿ ಸಂತೋಷವಾಗಿಯೇ ಹೇಳಿದರು.

"ಅಗತ್ಯವಾಗಿ ಕರೆದುಕೊಂಡು ಹೋಗಿ. ಪಾಪ, ನಾಲ್ಕು ಸಲ ಬಂದರೂ ಅವಳು ಊರು ನೋಡಲೇ ಇಲ್ಲ. ನಮ್ಮ ತಾಯಿಗೆ ನಡೆಯಲು ಆಗುತ್ತಿರಲಿಲ್ಲ, ಹೋಟೆಲಿನ ರೂಮಿನಲ್ಲಿ ಅವರ ಬಳಿ ಯಾರಾದರೂ ಇರಬೇಕಿತ್ತು. ಸಂಜೆ ನಾವು ತಿರುಗಾಡಿ ಬಂದು ನೋಡಿದ್ದನ್ನೆಲ್ಲ ಹೇಳುತ್ತಿದ್ದೆವು, ಕೂತು ಕೇಳುತ್ತಿದ್ದಳು. ಮೊದಲನೇ ವರ್ಷ ಮಾತ್ರ ನಿಮ್ಮ ಮದುವೆಗೆ ರಜೆ ಬೇಕೆಂದು ತುಂಬ ಅತ್ತಳು. ಆದರೆ ಅವಳ ಕೆನಡಾ ವೀಸಾ ಆಗಿಹೋಗಿತ್ತು, ಪಾಸ್‌ಪೋರ್ಟ್ ನಮ್ಮ ಹತ್ತಿರವೇ ಇತ್ತು. ಒಳ್ಳೆಯವಳು, ಆಮೇಲೆ ಮತ್ತೆ ಆ ಮಾತೆತ್ತಲಿಲ್ಲ."

ಮೇಡಮ್ ಇದನ್ನು ಹೊಗಳಿಕೆಯೆಂದೇ ಹೇಳಿದ್ದು. ಡೆಲ್ಮಾ ಚಹಾದ ಕಪ್ಪನ್ನು ಹಾಗೆಯೇ ಕೆಳಗಿಟ್ಟಳು.

ಮಕ್ಕಳ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ದೊರೊತಿ ಬಂದಳು. ತಂಗಿಯ ಮುಖ ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು. ಅಡುಗೆಮನೆಯ ಹಿಂದಿನ ತನ್ನ ಕೋಣೆಗೆ ಕರೆದೊಯ್ದು ಮಂಚದ ಮೇಲೆ ಕೂರಿಸಿದಳು.

"ಯಾಕೆ ಸುಳ್ಳು ಹೇಳಿದ್ದು ಅಕ್ಕಾ? ಮೇಡಮ್ ಬಿಡುದಿಲ್ಲ ಅಂತ ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ."

"ಮಾಡಿದ್ರೆ ನೀನು ರೋಸಿನ ದಿನ ಅತ್ತು ಅತ್ತು ಕೂತ್ಕೊಳ್ತಿದ್ದಿ. ಸಿಟ್ಟು ಬಂದ್ರೆ ನೀನು ಅಳುದಿಲ್ಲ, ಸಣ್ಣ ಇರುವಾಗಿಂದ್ಲೂ ನೋಡಿದ್ದೇನಲ್ಲ."

ಹೌದು, ಡೆಲ್ಮಾ ಅಂದು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದವರಿಗೆಲ್ಲ ಅಕ್ಕ ಟೂರ್ ಹೋಗಿದ್ದಾಳೆ ಎಂದು ನಗುತ್ತಲೇ ಹೇಳಿದ್ದಳು.

"ಆಮೇಲಾದ್ರೂ ಹೇಳ್ಬಹುದಿತ್ತು."

"ಹೇಳುವ ಅಂತಲೇ ಇದ್ದೆ. ನೀನು ಆಲ್ಬಮ್ ತೋರಿಸುವಾಗ ಹೇಳುವ ಅಂತ ಕಾದೆ. ನೀನು ತೋರಿಸ್ಲೇ ಇಲ್ಲ."

ಡೆಲ್ಮಾ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಹದಿನಾಲ್ಕು ವರ್ಷ ಬಡಿಸಿದ ಅನ್ನದಲ್ಲೆಲ್ಲ ವಿಷ ಬೆರೆಸಿದಂತೆ ಅನಿಸಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಈಗಾದ್ರೂ ಬಾ ಅಕ್ಕಾ. ನೀನು ಕೇಳಿದ್ದನ್ನೆಲ್ಲ ಕಣ್ಣಾರೆ ನೋಡು."

ದೊರೊತಿ ಅವಳ ತಲೆ ಸವರಿದಳು. "ನೀವು ಹೋಗಿ ಬನ್ನಿ. ನನಗೆ ಬೇಡ. ಆ ಊರಲ್ಲಿ ನಾನು ನೋಡಿದ್ದು ಅಂತ ಇದ್ರೆ ಒಂದು ಕಿಟಕಿ. ನಿನ್ನ ಮದುವೆಯ ದಿನ ಇಡೀ ಅದರ ಹತ್ರ ನಿಂತಿದ್ದೆ. ಪುನಃ ಅಲ್ಲಿ ಹೋಗಿ ನಿಲ್ಲುವ ಶಕ್ತಿ ನನಗಿಲ್ಲ ಮಗಾ."