ಸೂಗಪ್ಪನ ಕುರ್ಚಿ

"ಇನ್ನೊಂದೀಟು ಮ್ಯಾಲ ಎತ್ತು, ಗೋಣು ಮುಂದ ಬೀಳಾಕತ್ತೈತಿ," ಎಂದಳು ಗುಂಡಮ್ಮ.

ಮಗಳು ರೇಣುಕಾ ಅಪ್ಪನ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದಳು. ಗುಂಡಮ್ಮ ಹಳೇ ಧೋತರದ ಸೀಳನ್ನು ಗಂಡನ ಹಣೆಗೆ ಸುತ್ತಿ, ಗೋಡೆಯ ಮೊಳೆಗೆ ಬಿಗಿದು ಗಂಟು ಹಾಕಿದಳು. ಸೂಗಪ್ಪ ಚಕ್ಕಳಮಕ್ಕಳ ಹಾಕಿಕೊಂಡು ನೆಟ್ಟಗೆ ಕುಳಿತ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಸುಡುವುದಂತೂ ಇಲ್ಲವೇ ಇಲ್ಲ. ಕೂರಿಸಿಯೇ ಒಯ್ಯಬೇಕು, ಕೂರಿಸಿಯೇ ಮಣ್ಣು ಮಾಡಬೇಕು.

"ಆ ಅಂಗಿ ಯಾಕವ್ವಾ? ಹೊಸಾದು ಐತಲ್ಲ," ಎಂದಳು ರೇಣುಕಾ.

"ಇರಲಿ. ಅದು ಮೀಟಿಂಗ್ ಅಂಗಿ. ಅದನ್ನ ಹಾಕ್ಕೊಂಡ್ರನ ನಿಮ್ಮಪ್ಪ ಮನಿಷ್ಯಾ ಅನಸತಿದ್ದ."

ಭಜನೆಯವರು ತಾಳ ಹಿಡಿದು ಬಾಗಿಲಲ್ಲಿ ಕುಳಿತಿದ್ದರು. ಒಬ್ಬೊಬ್ಬರೂ ಹಾಡಿನ ನಡುವೆ ಟವೆಲಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹೆಣ ನಾರುತ್ತಿರಲಿಲ್ಲ, ಪಾಪ. ನಾರುತ್ತಿದ್ದದ್ದು ಮನೆಯ ಹಿಂದಿನ ನಾಲಾ, ಸುತ್ತಲ ಹೊಲಸೆಲ್ಲ ಹರಿಯುವ ದೊಡ್ಡ ಚರಂಡಿ. ಹೈದರಾಬಾದಿನ ನಾಚಾರಂನ ಆ ಬಸ್ತಿಯಲ್ಲಿ ಅನ್ನ ಉಂಡರೂ ಅದೇ ನಾತ, ಅಗರಬತ್ತಿ ಹಚ್ಚಿದರೂ ಅದೇ ನಾತ. ಅದರ ಸೊಳ್ಳೆ ಕಚ್ಚಿಯೇ ಜ್ವರ ಬಂದು ಸೂಗಪ್ಪ ಸತ್ತದ್ದು. ಊರಿಗೆ ಮಾಡಿದ ಉಪಕಾರ ಹೆಣಕ್ಕೆ ಮಾಡಿದ ಶೃಂಗಾರ ಅನ್ನುತ್ತಾರೆ. ಉಪಕಾರ ಮಾಡಲು ಹೋದವನಿಗೇ ಈಗ ಶೃಂಗಾರ ನಡೆದಿತ್ತು.

ಅಷ್ಟರಲ್ಲಿ ಪರಮೇಶ ಬಂದ. ಸೂಗಪ್ಪನ ತಮ್ಮನ ಮಗ. ಕುಣಿ ತೋಡಲು ಬೆಳಿಗ್ಗೆಯೇ ರುದ್ರಭೂಮಿಗೆ ಹೋದವನು. ಹೆಗಲ ಮೇಲಿನ ಸಲಿಕೆಗೆ ಒಂದು ಹರಳು ಮಣ್ಣೂ ಹತ್ತಿರಲಿಲ್ಲ.

"ದೊಡ್ಡವ್ವ, ಒಳಗ ಬಿಡವಲ್ರು. ಗೇಟಿಗೆ ಕೀಲಿ ಹಾಕ್ಯಾರ."

"ಯಾರು?"

"ಕಾಲೊನಿ ಸಂಘದವ್ರು. ಇಲ್ಲಿ ಹೆಣಾ ಹೂಳೂದು ಬಂದ್ ಆಗೈತಂತ. ಸುಡೂದಿದ್ರ ಶೆಡ್ಡಿನ್ಯಾಗ ಸುಡ್ರಿ ಅಂತಾರ."

ತಾಳ ನಿಂತಿತು. ಗುಂಡಮ್ಮ ಗಂಡನ ಮುಖ ನೋಡಿದಳು. ಸುಡುವುದೇ? ಆ ಮಣ್ಣಿನಲ್ಲಿ, ಬೇವಿನ ಗಿಡದ ಬುಡದಲ್ಲಿ, ಅವಳ ಚೊಚ್ಚಲ ಗಂಡುಕೂಸು ಇತ್ತು. ಹೆಸರಿಡುವ ಮೊದಲೇ ಹೋದ ಕೂಸು. 'ನಾ ಸತ್ರ ಅದರ ಬಾಜೂಕ ಕೂರಸು, ಒಂದೇ ಐತಿ ಪಾಪ' ಎಂದು ಸೂಗಪ್ಪ ನೂರು ಸಲ ಹೇಳಿದ್ದ.

"ಎತ್ರಿ," ಎಂದಳು ಗುಂಡಮ್ಮ. "ಗೇಟು ಹೆಂಗ ತಗಿಯಂಗಿಲ್ಲ ನೋಡೂಣು."

*

ಸೂಗಪ್ಪ ಸೇಡಂ ಕಡೆಯವನು. ಗೌಂಡಿ ಕೆಲಸ. ಮದುವೆಯಾದ ವರ್ಷ ಹೈದರಾಬಾದಿಗೆ ಬಂದವನು ಬಸ್ತಿಯ ಪಕ್ಕದ ಮಲ್ಲೆವನಂ ಕಾಲೊನಿಯ ಅರ್ಧ ಅಪಾರ್ಟ್‌ಮೆಂಟುಗಳಿಗೆ ಗಿಲಾವು ಮಾಡಿದ್ದ. ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ. ಅವನಿಗಿದ್ದ ಒಂದೇ ಚಟ ಮೀಟಿಂಗು.

ಕಾಲೊನಿಯ ಸಂಘ ತಿಂಗಳಿಗೊಮ್ಮೆ ನೀರಿನ ಟಾಕಿಯ ಪಕ್ಕದ ಹಾಲಿನಲ್ಲಿ ಸಭೆ ಸೇರುತ್ತಿತ್ತು. ನೀರು, ಕಸ, ಬೀದಿದೀಪ, ನಾಯಿ ಕಾಟ ಎಲ್ಲವೂ ಅಲ್ಲೇ ಚರ್ಚೆ. ಬಸ್ತಿಯವರೂ ಬರಬಹುದು ಎಂದು ಒಮ್ಮೆ ಯಾರೋ ಬಾಯಿಮಾತಿಗೆ ಹೇಳಿದ್ದರು. ಬಾಯಿಮಾತನ್ನು ಖರೇ ಎಂದು ನಂಬಿ ಹೋದವನು ಇವನೊಬ್ಬನೇ.

ಮೊದಲ ದಿನ ಹೋಗಿ ಬಂದವನ ಮುಖ ಮದುಮಗನ ಮುಖದಂತಿತ್ತು.

"ಕುರ್ಚಿ ಕೊಟ್ರು ನೋಡು!" ಎಂದ. "'ಕೂರ್ಚೋಂಡಿ' ಅಂದ್ರು. 'ಕೂರ್ಚೋ' ಅನ್ನಲಿಲ್ಲ. ಅಂಡಿ ಹಚ್ಚಿ ಮಾತಾಡಿದ್ರು!"

ಕನ್ನಡದ 'ಕೂಡ್ರಿ'ಯ 'ರಿ' ಹೇಗೋ ತೆಲುಗಿನ 'ಅಂಡಿ' ಹಾಗೆ. ಊರಿನ ಪಂಚಾಯಿತಿ ಕಟ್ಟೆಯ ಕೆಳಗೆ ತನ್ನಪ್ಪ ಕೈಕಟ್ಟಿ ನಿಂತೇ ಮುದುಕನಾದದ್ದನ್ನು ಕಂಡವನಿಗೆ ಆ ಎರಡಕ್ಷರ ಎಷ್ಟು ರುಚಿಸಿರಬೇಕು! ಮೈತುಂಬ ಸಿಮೆಂಟು ಮೆತ್ತಿಕೊಂಡು ಬಂದರೂ ಮೀಟಿಂಗಿನ ದಿನ ತಲೆಗೆ ಸ್ನಾನ, ಬಿಳಿ ಅಂಗಿ.

"ಬಂದ್ರು ನೋಡವ್ವ ಮೆಂಬರ್ ಸಾಬ್ರು," ಎಂದು ಗುಂಡಮ್ಮ ಕಾಡಿಸುತ್ತಿದ್ದಳು. "ಇವತ್ತು ಏನು ಉದ್ಧಾರಾತು ಹೈದರಾಬಾದು?"

ಅವನು ಅಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. ರುದ್ರಭೂಮಿಯ ಬಾಜೂಕ ನಾಲಾ ಹರಿಯುತ್ತದೆ. ಹೊಸ ಅಪಾರ್ಟ್‌ಮೆಂಟ್ ಕಟ್ಟುವವರು ಒಡೆದ ಇಟ್ಟಿಗೆ, ಕಾಂಕ್ರೀಟನ್ನು ಲಾರಿ ಲಾರಿ ತಂದು ಅದರಲ್ಲಿ ಸುರಿಯುತ್ತಾರೆ. ನಾಲಾ ಮುಚ್ಚಿದರೆ ಹೊಲಸು ನೀರು ಎಲ್ಲಿಗೆ ಹೋದೀತು? ಸತ್ತವರ ಮೈಮೇಲೆ. ಅದನ್ನು ಅವನು ತನ್ನ ಹರಕು ತೆಲುಗಿನಲ್ಲಿ ಹೇಳುತ್ತಿದ್ದ: "ನಾಲಾ ಪೂಡ್ಚುಡು ಬಂದ್ ಚೇಯಾಲೆ." ನಾಲಾ ಮುಚ್ಚುವುದನ್ನು ನಿಲ್ಲಿಸಬೇಕು. ಪ್ರತಿ ಸಲವೂ ಅದೇ. ಎದ್ದು ನಿಂತರೆ ಸಾಕು, ಮುಂದಿನ ಸಾಲಿನವರು ಮುಸಿಮುಸಿ ನಗುತ್ತಿದ್ದರು, ಚಹಾ ಬರುತ್ತಿತ್ತು, ವಿಷಯ ಮುಗಿಯುತ್ತಿತ್ತು.

ಯುಗಾದಿ ಮುಗಿದ ಮೇಲಿನ ಮೀಟಿಂಗಿನಿಂದ ಅವನು ಹೆಚ್ಚುಕಡಿಮೆ ಓಡುತ್ತಲೇ ಬಂದ. ಜೇಬಿನಲ್ಲಿ ಅವಳಿಗೆಂದು ಎತ್ತಿಟ್ಟ ಉಸ್ಮಾನಿಯಾ ಬಿಸ್ಕತ್ತು ಪುಡಿಯಾಗಿತ್ತು.

"ಪಾಸ್ ಆತು ಗುಂಡಮ್ಮ! ಅಧ್ಯಕ್ಷ ಮೇಡಂ ತಾವಾಗೇ ಎದ್ದು 'ಪೂಡ್ಚುಡು ಬಂದ್, ಒಪ್ಪಿಗೆ ಇದ್ದವ್ರು ಕೈ ಎತ್ರಿ' ಅಂದ್ರು. ಎಲ್ರಕಿಂತ ಮೊದಲ ನಾ ಎತ್ತಿದೆ, ಎರಡೂ ಕೈ! ಚಪ್ಪಾಳಿ ಹೊಡದ್ರು ನನಗ!"

"ಭಾಳ ಚಲೋ ಆತು. ಎತ್ತಿದ ಕೈ ಇಳಿಸಿ ಊಟಾ ಮಾಡ್ರಿ ಇನ್ನ," ಎಂದಿದ್ದಳು ಗುಂಡಮ್ಮ.

ಆಮೇಲೂ ಲಾರಿಗಳು ಬಂದವು, ಸುರಿದವು, ಹೋದವು. "ಮ್ಯಾಲಿಂದ ಆರ್ಡರ್ ಬರಬೇಕಲ್ಲ, ಟೈಮ್ ಹಿಡೀತದ," ಎಂದು ಸೂಗಪ್ಪ ಸಮಾಧಾನ ಹೇಳುತ್ತಿದ್ದ. ಆರ್ಡರಿಗಿಂತ ಮೊದಲು ಜ್ವರ ಬಂತು.

*

ರುದ್ರಭೂಮಿಯ ಗೇಟಿನ ಮುಂದೆ ಸಂಘದವರು ಅರ್ಧಚಂದ್ರಾಕಾರವಾಗಿ ಕುಳಿತಿದ್ದರು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಬೆನ್ನಿಗೆ ಬಿಳಿ ಬಣ್ಣದಲ್ಲಿ ಸಂಘದ ಹೆಸರು. ನಡುವೆ ಅಧ್ಯಕ್ಷೆ ಶ್ರೀವಿದ್ಯಾ, ಕರ್ಚೀಫಿನಲ್ಲಿ ಮೂಗು. ಪಕ್ಕದಲ್ಲಿ ಕಾರ್ಯದರ್ಶಿ ನರಸಿಂಹರಾಯರು, ಕೈಯಲ್ಲಿ ಹೂವಿನ ಚಕ್ರ. ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರು. ಮೂಲ ರಾಯಚೂರು ಕಡೆ, ಮನೆಮಾತು ಕನ್ನಡ. ಕೀಲಿ ಹಾಕಿದವರೇ ಹೂವು ತಂದಿದ್ದರು.

ಹೆಣ ಹೊತ್ತ ವಿಮಾನವನ್ನು ಇಳಿಸಿದರು. ಬಿದಿರಿನ ಚೌಕಟ್ಟಿನೊಳಗೆ ಸೂಗಪ್ಪ ಗೇಟಿಗೆ ಮುಖ ಮಾಡಿ ಕುಳಿತ.

"ಭಾಳ ಛಲೋ ಮನಷ್ಯಾ ಇದ್ರು," ಎಂದು ರಾಯರು ಚಕ್ರ ಇಟ್ಟರು. "ಒಂದು ಮೀಟಿಂಗ್ ತಪ್ಪಿಸಿದವರಲ್ಲ."

"ಗೇಟ್ ತಗಿಸ್ರಿ ಸಾಹೇಬ್ರ," ಎಂದಳು ಗುಂಡಮ್ಮ.

"ನೋಡ್ರಿ ಗುಂಡಮ್ಮ, ಠರಾವ್ ಪಾಸ್ ಆಗ್ಯದ. ಇಲ್ಲಿ ಹೂಳೋದು ಬಂದ್. ಸುತ್ತ ಮನಿ ಆಗ್ಯಾವ, ಇಲ್ಲೇ ವಾಕಿಂಗ್ ಟ್ರ್ಯಾಕ್ ಬರೋದದ. ಮತ್ತ ಇದಕ್ಕ ನಿಮ್ಮ ಯಜಮಾನರದೂ ಒಪ್ಪಿಗಿ ಅದ."

"ಏನಂದ್ರಿ?"

ರಾಯರು ಫೋನು ತೆಗೆದು ಹಿಡಿದರು. ಅದರೊಳಗೆ ಮೀಟಿಂಗಿನ ವಿಡಿಯೊ: ಟಾಕಿಯ ಪಕ್ಕದ ಅದೇ ಹಾಲ್, ಸಾಲು ಸಾಲು ಕುರ್ಚಿ. ಶ್ರೀವಿದ್ಯಾ ತೆಲುಗಿನಲ್ಲಿ ಏನೋ ಓದಿದಳು. ಹಿಂದಿನ ಸಾಲಿನಿಂದ ಬಿಳಿ ಅಂಗಿಯೊಂದು ಚಂಗನೆ ಎದ್ದಿತು. "ಅವುನಂಡಿ! ಪೂಡ್ಚುಡು ಬಂದ್!" ಎರಡೂ ಕೈ ಮೇಲೆ. ಹಲ್ಲೆಲ್ಲ ಕಾಣುವ ನಗು. ಚಪ್ಪಾಳೆ.

ಸತ್ತವನ ದನಿ ಸತ್ತವನ ಮುಂದೆಯೇ ಕೇಳಿ ಭಜನೆಯವರು ಒಂದು ಹೆಜ್ಜೆ ಹಿಂದೆ ಸರಿದರು. ಗುಂಡಮ್ಮ ಫೋನಿನತ್ತ ಕೈ ತೋರಿಸಿದಳು. "ಹೌದಲ್ರೀ, ನಾಲಾ ಮುಚ್ಚೂದು ಬಂದ್ ಅಂತ ಎತ್ಯಾರ. ಮನಿಗಿ ಬಂದು ಹೇಳಿದ್ರು."

ತೆಲುಗು ಶಾಲೆಯಲ್ಲಿ ಕಲಿತ ರೇಣುಕಾ ಫೋನು ಕಸಿದುಕೊಂಡು ಮತ್ತೊಮ್ಮೆ ಕೇಳಿದಳು. ಮುಖ ಕಪ್ಪಿಟ್ಟಿತು.

"ಅವ್ವಾ, ನಾಲಾದ ಸುದ್ದೀನ ಇಲ್ಲ ಇದರಾಗ. ಹೆಣಾ ಹೂಳೂದು ಬಂದ್ ಅಂತ ಓದ್ಯಾರ. ತೆಲುಗಿನ್ಯಾಗ ನಾಲಾ ಮುಚ್ಚೂದಕ್ಕೂ ಪೂಡ್ಚುಡು ಅಂತಾರ, ಹೆಣಾ ಮುಚ್ಚೂದಕ್ಕೂ ಪೂಡ್ಚುಡು ಅಂತಾರ. ಅಪ್ಪ ತನ್ನ ಮಾತ ಅಂತ ತಿಳದು ಎತ್ತಿಬಿಟ್ಟಾನ."

ತನ್ನ ಕುಣಿ ತಾನೇ ತೋಡಿಕೊಂಡ ಎಂದು ಜನ ಬೈಯುವುದುಂಟು. ಈ ಪುಣ್ಯಾತ್ಮ ತನ್ನ ಕುಣಿಯನ್ನು ತಾನೇ ಮುಚ್ಚಿಸಿ, ಮೇಲೆ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡು ಬಂದಿದ್ದ.

ಗುಂಡಮ್ಮ ರಾಯರ ಕಡೆ ತಿರುಗಿದಳು. "ಸಾಹೇಬ್ರ, ನೀವು ಕನ್ನಡದವ್ರು. ಅಲ್ಲೇ ಇದ್ರಿ. ಈ ಹುಚ್ಚ ತಪ್ಪು ತಿಳಕೊಂಡು ಕೈ ಎತ್ಯಾನ ಅಂತ ನಿಮಗ ಗೊತ್ತಾಗಲಿಲ್ಲೇನು?"

ರಾಯರು ಚಷ್ಮಾ ಒರೆಸಿದರು. "ಗೊತ್ತಾಗಿತ್ತು. ಆದ್ರ ಅಷ್ಟು ಮಂದ್ಯಾಗ ತಿದ್ದಿದ್ರ ಅವರಿಗೇ ಅವಮಾನ ಆಗ್ತಿತ್ತಲ್ಲ..."

"ಥೂ!"

ಉಗುಳು ಹೂವಿನ ಚಕ್ರದ ಮೇಲೆ ಬಿತ್ತು. ಬೇರೆ ಮಾತಿನವರು ಬೈದಿದ್ದರೂ ಅವಳಿಗೆ ಇಷ್ಟು ಹೇಸಿಕೆ ಆಗುತ್ತಿರಲಿಲ್ಲ. ತನ್ನದೇ ಮಾತು ಬಲ್ಲವನು, ಒಂದು ಮಾತು ಕಿವಿಯಲ್ಲಿ ಉಸುರಿದ್ದರೆ ಸಾಕಿತ್ತು. ಅವನು ಬಾಯಿ ಮುಚ್ಚಿಕೊಂಡು, ಫೋನಿನಲ್ಲಿ ಹಿಡಿದುಕೊಂಡು, ಮೇಲೆ ಮಂದಿಗೆ ಚಪ್ಪಾಳೆ ಬೇರೆ ಹೊಡೆಯಲು ಬಿಟ್ಟಿದ್ದ.

ಬಸ್ತಿಯ ಹೆಂಗಸರು ಮುಂದೆ ಬಂದರು. ಯಾರೋ ಫೋನು ಎತ್ತಿ ಚಿತ್ರ ತೆಗೆಯತೊಡಗಿದರು. ಅದನ್ನು ಕಂಡ ಶ್ರೀವಿದ್ಯಾ ರಾಯರ ಕಿವಿಯಲ್ಲಿ ಏನೋ ಹೇಳಿದಳು. ತುರ್ತು ಸಭೆ! ಕುರ್ಚಿಗಳನ್ನು ಹೊಂಗೆಯ ನೆರಳಿಗೆ ಎಳೆದುಕೊಂಡರು. ಚಹಾ ಬಂತು, ಬಿಸ್ಕತ್ತೂ ಬಂತು. ಇತ್ತ ಸೂಗಪ್ಪ ಬಿಸಿಲಿನಲ್ಲಿ ಕುಳಿತಿದ್ದ. ವಿಭೂತಿ ಬಿರುಕು ಬಿಟ್ಟಿತು, ನೊಣ ಮುಕುರಿದವು. ರೇಣುಕಾ ಸೆರಗಿನಿಂದ ಬೀಸುತ್ತ ಅಳುತ್ತಿದ್ದಳು. ಅತ್ತ ಒಬ್ಬ ಚಹಾದಲ್ಲಿ ಸಕ್ಕರೆ ಹೆಚ್ಚಾಯಿತೆಂದು ಗೊಣಗಿದ. ಆಮೇಲೆ ಕೈಗಳು ಎದ್ದವು, ಇಳಿದವು.

"ಆತ್ರಿ," ಎಂದು ರಾಯರು ಬಂದರು, ವರ ಕೊಟ್ಟವರ ಹಾಗೆ. "ಇದೊಂದು ಸಲ ಸಂಘ ಮಾಫಿ ಮಾಡ್ಯದ. ಮ್ಯಾಲೆ ಸಮಾಧಿ ಗಿಮಾಧಿ ಕಟ್ಟಂಗಿಲ್ಲ. ಮೇಡಂ ನಿಮ್ಮ ಜೋಡಿ ಒಂದು ಫೋಟೋ ಅಂತಾರ."

ಗೇಟು ತೆರೆಯಿತು, ಅಷ್ಟೇ ಸಾಕಿತ್ತು ಗುಂಡಮ್ಮನಿಗೆ.

*

ಬೇವಿನ ಬುಡದ ಪಕ್ಕದಲ್ಲೇ ಪರಮೇಶ ಸಲಿಕೆ ಹಾಕಿದ. ಮೊಣಕಾಲುದ್ದ ಹೋಗುವಷ್ಟರಲ್ಲಿ ಮಣ್ಣು ಕಪ್ಪಾಯಿತು. ಸೊಂಟದುದ್ದ ಹೋಗುವಷ್ಟರಲ್ಲಿ ಕುಣಿಯ ಗೋಡೆಗಳಿಂದ ನೀರು ಒಸರಿತು, ಕರ್ರಗೆ, ಎಣ್ಣೆಯ ಪೊರೆ ಹೊತ್ತುಕೊಂಡು. ಆಳುದ್ದ ಮುಗಿಸಿ ಅವನು ಬಾಯಿಗೆ ಅಡ್ಡ ಕೈ ಹಿಡಿದು ಮೇಲೆ ಬಂದು ಬೇವಿನ ಹಿಂದೆ ಕಾರಿಕೊಂಡ. ಮತ್ತೊಂದು ಕಡೆ ತೋಡಿದರು, ಅಲ್ಲೂ ಅದೇ. ಕಂಪೌಂಡು ಗೋಡೆಯಾಚೆ ನಾಲಾ ಇದ್ದ ಜಾಗದಲ್ಲಿ ಕಾಂಕ್ರೀಟಿನ ಗುಡ್ಡೆ ನಿಂತಿತ್ತು. ಹರಿಯಬೇಕಾದದ್ದೆಲ್ಲ ಇತ್ತ ಇಳಿದಿತ್ತು.

ತನ್ನ ಕೂಸು ಇಷ್ಟು ದಿನ ಈ ನೀರಿನಲ್ಲೇ ಇತ್ತೇನು? ಗುಂಡಮ್ಮ ಬೇವಿನ ಬುಡಕ್ಕೆ ಕುಕ್ಕರಿಸಿ ಮಣ್ಣು ಮುಟ್ಟಿದಳು. ಅದನ್ನೇ ಅಲ್ಲವೆ ಆ ಹುಚ್ಚ ತಿಂಗಳು ತಿಂಗಳು ಅಂಗಿ ಇಸ್ತ್ರಿ ಮಾಡಿಕೊಂಡು ಹೋಗಿ ಹೇಳುತ್ತಿದ್ದದ್ದು. ತಾನಾದರೂ ಏನು ಮಾಡಿದಳು, ಮೆಂಬರ್ ಸಾಬ್ ಎಂದು ನಕ್ಕಳು.

ಕ್ರಿಯೆ ಮಾಡಿಸಲು ಕೂಕಟ್‌ಪಲ್ಲಿಯಿಂದ ಬಂದಿದ್ದ ಅಯ್ಯನವರು ಬೇವಿನ ಬುಡದ ಕುಣಿಯೊಳಗೆ ಇಣುಕಿ ಹಿಂದೆ ಸರಿದರು. "ಇದರಾಗ ಹೆಂಗ ಕೂರಸೂದವ್ವಾ? ಎದಿಮಟಾ ಹೊಲಸ ಆಗತೈತಿ. ಕೈಯಾಗ ಲಿಂಗ ಐತಿ."

"ಅದಕ್ಕ ನಾ ಹೇಳಿದ್ದು," ಎಂದರು ರಾಯರು, ಮೂಗು ಮುಚ್ಚಿಕೊಂಡೇ. "ಸುಟ್ಟುಬಿಡ್ರಿ. ಸ್ವಚ್ಛ ಇರ್ತದ."

ಗುಂಡಮ್ಮ ಅವರನ್ನು ದಾಟಿಕೊಂಡು ಗೇಟಿನತ್ತ ನಡೆದಳು. ಶ್ರೀವಿದ್ಯಾ ಫೋಟೋಕ್ಕೆಂದು ಎದ್ದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅವಳು ಬಿಟ್ಟೆದ್ದ ಕೆಂಪು ಕುರ್ಚಿಯನ್ನು ಗುಂಡಮ್ಮ ತಲೆಯ ಮೇಲೆ ಹೊತ್ತುಕೊಂಡು ಬಂದಳು. ಪರಮೇಶನ ಮುಂದೆ ಇಳಿಸಿದಳು.

"ಅಡ್ಯಾಗ ಇಟ್ಟಂಗಿ ಒಗಿ. ಅದರ ಮ್ಯಾಲೆ ಇದನ್ನ ಇಡು."

"ಪದ್ಧತಿಯೊಳಗ ಇಲ್ಲವ್ವಾ," ಎಂದರು ಅಯ್ಯನವರು.

"ನಾಲಾದಾಗ ಕೂರಸೂದು ಐತೇನ್ರಿ ಅಪ್ಪಾರ, ಪದ್ಧತಿಯೊಳಗ?"

ಅಯ್ಯನವರು ಧೋತರ ಎತ್ತಿ ಕಟ್ಟಿ ತಾವೇ ಕುಣಿಗಿಳಿದರು. ನಾಲಾದಲ್ಲಿ ಸುರಿದ ಇಟ್ಟಿಗೆಗಳನ್ನೇ ತಂದು ಅಡಿಗೆ ಹಾಕಿದರು. ಅಲ್ಲಿ ಅವುಗಳಿಗೇನು ಬರವೇ? ಕುರ್ಚಿ ನಿಂತಿತು. ಕರಿನೀರು ಅದರ ಕಾಲುಗಳನ್ನು ಮುಟ್ಟಿತು, ಸೀಟನ್ನು ಮುಟ್ಟಲಿಲ್ಲ. ಸೂಗಪ್ಪನನ್ನು ಎತ್ತಿ ಇಳಿಸಿ, ಕಾಲು ಮಡಿಸಿ ಕೂರಿಸಿದರು. ಬಿಳಿ ಅಂಗಿಗೆ ಒಂದು ಹನಿಯೂ ಸಿಡಿಯಲಿಲ್ಲ. ವಿಭೂತಿ ಹಾಕಿದರು, ಉಪ್ಪು ಹಾಕಿದರು, ಬಿಲ್ವಪತ್ರೆ ಹಾಕಿದರು.

ಗೇಟಿನ ಕಡೆಯಿಂದ ಶ್ರೀವಿದ್ಯಾಳ ದನಿ ಕೇಳಿತು. ರಾಯರು ಕೆಮ್ಮಿ, ಅದನ್ನು ಕನ್ನಡಕ್ಕೆ ತಂದರು. ಈ ಸಲ ಒಂದಕ್ಷರವೂ ತಪ್ಪಲಿಲ್ಲ.

"ಆ ಕುರ್ಚಿ ಸಂಘದ್ದು ಅಂತಾರ್ರಿ, ಮೇಡಂ."

ಗುಂಡಮ್ಮ ತಿರುಗಿ ನೋಡಲಿಲ್ಲ. "ನನ್ನ ಗಂಡ ಮೀಟಿಂಗಿಗೆ ಕುಂತಾನ. ಮುಗದ ಮ್ಯಾಲೆ ಕಳಸತಾನ ಅಂತ ಹೇಳ್ರಿ."

ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕುಣಿಯೊಳಗೆ ನೋಡಿದಳು. ಸೂಗಪ್ಪ ಮುಂದಿನ ಸಾಲಿನಲ್ಲಿ ಕುಳಿತವನ ಹಾಗೆ ನೆಟ್ಟಗೆ ಕುಳಿತಿದ್ದ.

"ಕೂರ್ಚೋಂಡಿ," ಎಂದಳು, ಅಂಡಿ ಹಚ್ಚಿ.

ಪರಮೇಶ ಸಲಿಕೆ ಎತ್ತಿದ. ಮಣ್ಣು ಮೊಣಕಾಲಿಗೆ ಬಂತು, ಎದೆಗೆ ಬಂತು, ಹಣೆಯ ವಿಭೂತಿಗೆ ಬಂತು. ತಲೆ ಮುಚ್ಚಿ ಗುಪ್ಪೆ ಏರಿದ ಮೇಲೂ ಅದರ ಇಳಿಜಾರಿನಲ್ಲಿ, ಹಿಂದಕ್ಕೆ ವಾಲಿದ ಕುರ್ಚಿಯ ಬೆನ್ನಿನ ಒಂದು ಮೂಲೆ ಮಣ್ಣಿನ ಹೊರಗೆ ಕೆಂಪಗೆ ಉಳಿದಿತ್ತು, ಸಂಘದ ಹೆಸರಿನ ಕೊನೆಯ ಎರಡು ಬಿಳಿ ಅಕ್ಷರ ಹೊತ್ತುಕೊಂಡು. ಅದರ ಸುತ್ತ, ಮಣ್ಣಿನ ಭಾರಕ್ಕೆ ಮೇಲೊತ್ತಿದ ಕರಿನೀರು ಗುಳುಗುಳು ಎಂದು ಗುಳ್ಳೆ ಬಿಡುತ್ತಿತ್ತು.