ಸೋಮಲಿಂಗಪ್ಪ ಜಿ.

ಫೋಟೋ ಹಾಕದವರಿಗೆಲ್ಲ ಹೀಗೇ ಒಂದು ಬೂದು ತಲೆ, ಬೂದು ಹೆಗಲು ಕೊಟ್ಟುಬಿಡುತ್ತಾರೆ, ಅಪ್ಪನ ತಲೆ ಇಷ್ಟು ಗುಂಡಗೆಲ್ಲಿದೆ — ಗಿರಿಜಾದೇವಿಗೆ ನಗು ಬಂತು, ವಿಜ್ಞಾನಿಗಳ ಉಲ್ಲೇಖ ಎಣಿಸುವ ಜಾಲತಾಣದ ಪರದೆಯಲ್ಲಿ ಆ ತಲೆಯ ಪಕ್ಕ ಸೋಮಲಿಂಗಪ್ಪ ಜಿ., ಚೆನ್ನೈ, ಇಲಿಜ್ವರ ಸಂಶೋಧನೆ, ಉಲ್ಲೇಖಗಳು ಎಂಟುನೂರ ಮೂವತ್ತಾರು, ಹೋದ ವಾರ ಎಂಟುನೂರ ಮೂವತ್ತೆರಡಿತ್ತು, ರಾಯಪುರಂನಲ್ಲಿ ಮೀನುಗಾರರಿಗೆ ಹಗ್ಗ ಮಾರುವ, ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ಮನುಷ್ಯನನ್ನು ಒಂದೇ ವಾರದಲ್ಲಿ ನಾಲ್ವರು ವಿಜ್ಞಾನಿಗಳು ಉಲ್ಲೇಖಿಸಿದ್ದಾರೆ. ತಪ್ಪು ಯಂತ್ರದ್ದಲ್ಲ, ಅವಳದೇ, ಮೊದಲ ಲೇಖನ ಕಳಿಸುವಾಗ ಮನೆತನದ ಹೆಸರು ಬರೆಯಿರಿ ಎಂದು ಫಾರಂ ಕೇಳಿತ್ತು, ಚೆನ್ನೈ ಶಾಲೆಯಲ್ಲಿ ಎಸ್. ಗಿರಿಜಾದೇವಿಯಾಗಿ ಬೆಳೆದವಳಿಗೆ ಯಾವ ಮನೆತನ, ಎಸ್ ಅಂದರೆ ಅಪ್ಪ ಅಷ್ಟೇ, ಅಪ್ಪನನ್ನೇ ಬಿಡಿಸಿ ಬರೆದು ಆ ಚೌಕದಲ್ಲಿ ಕೂರಿಸಿದಳು, ಇವಳು ಹಿಂದೊಂದು ಜಿ ಆಗಿ ಉಳಿದಳು. ಬುದ್ಧಿ ಬಂದ ಮೇಲೆ ಸರಿಯಾದ ಹೆಸರಲ್ಲಿ ಬರೆದ ಲೇಖನಗಳಿಗೆಲ್ಲ ಸೇರಿ ನಾನೂರ ಹತ್ತು, ಅಪ್ಪನೇ ಮುಂದೆ. ಸಾವಿರ ಉಲ್ಲೇಖವಿಲ್ಲದವರು ಜ್ವರ ವಿಭಾಗದ ಮುಖ್ಯಸ್ಥರಾಗುವಂತಿಲ್ಲ, ಅವಳ ಅರ್ಜಿಗೆ ಮಧ್ಯಾಹ್ನ ಮೂರು ಗಂಟೆಯ ಗಡುವು, ಈಗ ಎರಡೂವರೆ, ಪಕ್ಕದ ಪ್ರಯೋಗಾಲಯದ ಅಭಿಲಾಷ್ ಆಗಲೇ ಇಣುಕಿ ಹೋದ, ಎರಡೂ ಹೆಸರು ಸೇರಿಸಿಬಿಡಿ ಮೇಡಂ, ಎರಡು ನಿಮಿಷದ ಕೆಲಸ, ಆ ಸೋಮಲಿಂಗಪ್ಪ ತಾವಾಗೇ ಡಿಲೀಟ್ ಆಗ್ತಾರೆ — ಡಿಲೀಟ್ ಆಗ್ತಾರಂತೆ, ಎಷ್ಟು ಮರ್ಯಾದೆ ಕೊಟ್ಟು ಹೇಳಿದ.

ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮುಂಚೆಯೇ ಅಪ್ಪನ ಫೋನು, ಗಿರಿಜಾ, ನಿನ್ನಿ ಎಷ್ಟು ಮಂದಿ ನನ್ನ ಹೆಸರು ಎತ್ತಿದ್ರವ್ವಾ, ಇಬ್ಬರಪ್ಪಾ, ಒಬ್ರು ಬ್ರೆಜಿಲ್, ಒಬ್ರು ಥಾಯ್ಲೆಂಡ್, ಬೈದಾರೇನು, ಇಲ್ಲಪ್ಪಾ ಒಪ್ಯಾರ, ಹಂಗಾರ ಸರಿ. ಒಪ್ಪದೇ ಏನು, ಇಲಿಜ್ವರದ ಆ ಮೊದಲ ಲೇಖನವೆಂದರೆ ಇನ್ನೂರ ಹನ್ನೆರಡು ಮೀನುಗಾರರ ರಕ್ತ, ಹದಿನೆಂಟು ವರ್ಷದ ಹಿಂದೆ ಇವಳು ಸೂಜಿ ಹಿಡಿದು ಹೋದರೆ ಒಬ್ಬನೂ ಕೈ ಕೊಡಲಿಲ್ಲ, ರತ್ತಂ ಎಲ್ಲಾಂ ವೇಣಾಂ ಮುದಲಾಳಿ, ರಕ್ತದ ಮಾತೇ ಬೇಡ ಧಣಿ ಎಂದು ಅಪ್ಪನಿಗೇ ಹೇಳಿ ಹೊರಟರು, ಅಪ್ಪ ವಾದಕ್ಕೆ ನಿಲ್ಲಲಿಲ್ಲ, ಹಗ್ಗದ ಸುರುಳಿಯ ಮೇಲೆ ಕೂತು ಬಿಳಿ ಅಂಗಿಯ ತೋಳು ಮೇಲಕ್ಕೆ ಮಡಚಿ ಚುಚ್ಚವ್ವಾ ಅಂದ, ಸೂಜಿ ಕಂಡರೆ ಬೆವರುವ ಅಪ್ಪ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅವಳು ನರ ಸಿಗದೆ ತಡಕಾಡಿದ್ದು ಯಾರಿಗೂ ಕಾಣದಂತೆ ತನ್ನ ಇನ್ನೊಂದು ಕೈ ಅಡ್ಡ ಹಿಡಿದುಕೊಂಡು, ಪಾರುಂಗೊ, ಎನ್ ಪೊಣ್ಣು, ನೋಡಿ, ನನ್ನ ಮಗಳು ಚುಚ್ಚಿದರೆ ನೋವೇ ಇಲ್ಲ — ಸಂಜೆಯೊಳಗೆ ಅಂಗಡಿ ಮುಂದೆ ಸಾಲು. ಅಪ್ಪನ ಟ್ಯೂಬು ಎಣಿಕೆಗೆ ಸೇರಲಿಲ್ಲ, ಅವನೇನು ಮೀನುಗಾರನೇ. ಲೇಖನದ ಕೊನೆಯಲ್ಲಿ ಬಂದರಿನ ಅಧಿಕಾರಿಗಳಿಗೆ ಕೃತಜ್ಞತೆ, ಫ್ರಿಜ್ ಕೊಟ್ಟವರಿಗೆ ಕೃತಜ್ಞತೆ, ಅಪ್ಪನಿಗೂ ಒಂದು ಸಾಲು ಬರೆದಿದ್ದಳು, ಹಗ್ಗದಂಗಡಿಯವನ ಮಗಳೆಂದು ದೊಡ್ಡವರಿಗೆ ಗೊತ್ತಾಗುವುದು ಬೇಡವೆಂದು ತಾನೇ ಹೊಡೆದು ಹಾಕಿದಳು, ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಕೊನೆಯ ಸಾಲಿನಲ್ಲಿ ಜಾಗ ಸಿಗದ ಅಪ್ಪ ತಪ್ಪು ಚೌಕದಿಂದಾಗಿ ಲೇಖನದ ನೆತ್ತಿಯ ಮೇಲೇ ಕೂತಿದ್ದ, ಅದನ್ನು ಇಷ್ಟು ವರ್ಷ ತಿದ್ದದೇ ಬಿಟ್ಟದ್ದು ಸೋಮಾರಿತನವೇನೂ ಅಲ್ಲ.

ಹೇಳದೆ ತೆಗೆದರಾಯಿತು, ನಾಳೆ ಬೆಳಿಗ್ಗೆ ಫೋನು ಬಂದಾಗ ಒಂದು ಸುಳ್ಳು ಲೆಕ್ಕ ಹೇಳಿದರಾಯಿತು — ಇಲ್ಲ, ಆಗುವುದಿಲ್ಲ, ಅವಳೇ ಫೋನು ಮಾಡಿದಳು, ಅಪ್ಪಾ, ಕಂಪ್ಯೂಟರ್‌ದಾಗಿನ ನಿನ್ನ ಹೆಸರು ತೆಗೀಬೇಕಾಗೇತಿ, ಎಲ್ಲಾ ನನ್ನ ಹೆಸರಿಗೆ ಬರ್ತಾವ. ಆ ಕಡೆ ಅಂಗಡಿಯಲ್ಲಿ ತಮ್ಮ ರುದ್ರೇಶ್ ಯಾರಿಗೋ ಹಗ್ಗದ ಮಾರು ತಮಿಳಿನಲ್ಲಿ ಎಣಿಸಿ ಕೊಡುತ್ತಿದ್ದಾನೆ, ಪದಿನಾಲು, ಪದಿನಂಜು, ಅಪ್ಪ ಕೇಳಿದ, ಅಂದ್ರ ನಾಳಿಂದ ಯಾರೂ ಎತ್ತಂಗಿಲ್ಲೇನು. ಇಲ್ಲಪ್ಪಾ. ತೆಗಿ ತೆಗಿ, ನಂದೇನೈತಿ ಅದ್ರಾಗ, ಅಂದ, ಎಷ್ಟು ಬೇಗ ಅಂದುಬಿಟ್ಟ, ಐತಪ್ಪಾ, ಮೊದಲ ಕೈ ಕೊಟ್ಟಾಂವ ನೀ, ನಾನ ಎಲ್ಲೂ ಬರೀಲಿಲ್ಲ, ನಾಚಿಕಿ ಬಂದಿತ್ತು ನನಗ. ಗೊತ್ತೈತಿ ಬಿಡವ್ವಾ, ಅವತ್ತ ಓದಿಸಿ ಕೇಳೀನಿ — ಅವತ್ತೇ, ಹದಿನೆಂಟು ವರ್ಷ, ಅಷ್ಟೂ ವರ್ಷ ದಿನಾ ಬೆಳಿಗ್ಗೆ ನಗುನಗುತ್ತಾ ಕೇಳಿದ್ದಾನೆ. ಕಣ್ಣು ಮಂಜಾಗಿದೆ, ಪರದೆಯೂ, ಸೇರಿಸು ಎಂಬುದನ್ನು ಒತ್ತಿದಳು, ಕೆಲಸ ಮುಗಿಯುವ ಬದಲು ಒಂದು ಚಿಕ್ಕ ಕಿಟಕಿ ತೆರೆಯಿತು, ಸೋಮಲಿಂಗಪ್ಪ ಜಿ., ಇವರು ನೀವೇನಾ, ಕೆಳಗೆ ಹೌದು, ಅಲ್ಲ. ಏನಾತವ್ವಾ ಅಂತಿದ್ದಾನೆ ಅಪ್ಪ. ಸೋಮಲಿಂಗಪ್ಪ ಅಂದ್ರ ನೀನ ಏನು ಅಂತ ಕಂಪ್ಯೂಟರ್ ನನ್ನ ಕೇಳಾಕತ್ತೈತಪ್ಪಾ. ಅದಕ್ಕೇನು ಅಷ್ಟ್ ಯೋಚನಿ, ಹೌದು ಅನ್ನು — ಇವರು ನೀವೇನಾ, ಬೆರಳ ಕೆಳಗೆ ಹೌದು, ಇವರು ನೀವೇನಾ, ಹೌದು, ಹೌದು